ಒಂಬತ್ತು ಮೀಟರ್ ಎಲ್ಲಿ ಹೋಯಿತು?

ಮೆಟ್ಟಿಲಿಳಿದು ಒಳಗೆ ಬಂದ ಮದಾಮ್, ಕೋಟು ಬಿಚ್ಚುವ ಮೊದಲೇ ಕೇಳಿದರು: "ಉಳಿದ ಒಂಬತ್ತು ಮೀಟರ್ ಎಲ್ಲಿ?"

ಮೂರು ವರ್ಷದಿಂದ ನಾನು ಹೆದರಿಕೊಂಡೇ ಇದ್ದ ಪ್ರಶ್ನೆ ಅದು. 2016ರಲ್ಲಿ ಅವರಿಂದ ಈ ಪೆನಿಶ್ ದೋಣಿ ಕೊಂಡುಕೊಂಡಾಗ ಅದರ ಉದ್ದ 38.5 ಮೀಟರ್ ಇತ್ತು. ದಕ್ಷಿಣ ಫ್ರಾನ್ಸಿನ ತುಲೂಸ್‌ಗೆ ತರಬೇಕಾದರೆ ಕತ್ತರಿಸಲೇಬೇಕು ಅಂತ ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಕಾಗದಕ್ಕೆ ಸಹಿ ಹಾಕುವ ದಿನ ಮಾತ್ರ ಆ ಮಾತನ್ನು ಯಾರೂ ಎತ್ತಲಿಲ್ಲ.

ಪೆನಿಶ್ ಅಂದರೆ ಫ್ರಾನ್ಸಿನ ಕಾಲುವೆಗಳಲ್ಲಿ ಸರಕು ಹೊರುವ ಉದ್ದನೆಯ ಕಬ್ಬಿಣದ ದೋಣಿ. ನಮ್ಮದರ ಹೆಸರು ಎಸ್ಪೆರಾನ್ಸ್, ಅಂದರೆ ಭರವಸೆ. 1931ರಲ್ಲಿ ಕಟ್ಟಿದ್ದು. ಮೈತುಂಬ ರಿವೆಟ್. ನಾನು ತುಲೂಸ್‌ನಲ್ಲಿ ಮಾಡುವ ಕೆಲಸವೂ ರಿವೆಟ್‌ಗಳದ್ದೇ. ವಿಮಾನದ ಹೊರಮೈಯ ಹಾಳೆಗಳನ್ನು ಸೇರಿಸಿದ ಜಾಗ ಎಷ್ಟು ಸಾವಿರ ಹಾರಾಟಕ್ಕೆ ದಣಿಯುತ್ತದೆ, ಬಿರುಕು ಎಲ್ಲಿಂದ ಶುರುವಾಗುತ್ತದೆ ಅಂತ ಲೆಕ್ಕ ಹಾಕುವುದು. ಬೆಂಗಳೂರಿನಲ್ಲಿ ಆರು ವರ್ಷ ಅದನ್ನೇ ಮಾಡಿ ಇಲ್ಲಿಗೆ ಬಂದವಳು. ಎಸ್ಪೆರಾನ್ಸ್‌ನ ಪಕ್ಕೆಯ ಮೇಲೆ ಮೊದಲ ಸಲ ಕೈಯಿಟ್ಟು ಸವರಿದಾಗ, ಕಾಸಿ ಕೆಂಪಗಾಗಿಸಿ ಸುತ್ತಿಗೆಯಲ್ಲಿ ಬಡಿದ ಆ ತಲೆಗಳು ಸಾಲುಸಾಲಾಗಿ ಬೆರಳಿಗೆ ತಾಗಿದವು. ಒಂದರಂತೆ ಇನ್ನೊಂದಿಲ್ಲ. ಯಾರೋ ಇಬ್ಬರು, ಒಬ್ಬ ಒಳಗೆ ಒಬ್ಬ ಹೊರಗೆ ನಿಂತು, ಒಂದೊಂದನ್ನೂ ಬಡಿದಿದ್ದಾರೆ. ಆವತ್ತೇ ನಾನು ಮನಸ್ಸು ಮಾಡಿಬಿಟ್ಟೆ. ನನ್ನ ಗಂಡನಿಗೆ ಇನ್ನೂ ಎರಡು ವಾರ ಬೇಕಾಯಿತು. ಊರಿಗೆ ಫೋನ್ ಮಾಡಿ ಹೇಳಿದರೆ ಅಮ್ಮ, "ಎಂತ ಮಗಾ, ಮನೆ ತೆಗೊಳ್ಳುವುದು ಬಿಟ್ಟು ದೋಣಿಯಾ?" ಅಂದರು. ಅಮ್ಮನಿಗೆ ಆವತ್ತು ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಇದು ಕಟ್ಟಿದ ದಿನದಿಂದಲೂ ಮನೆಯೇ ಆಗಿತ್ತು ಅನ್ನುವುದು ನನಗೂ ಆಮೇಲೆ, ಮದಾಮ್ ಹೇಳುತ್ತಾ ಹೋದ ಹಾಗೆ ಅರ್ಥವಾದದ್ದು.

38.5 ಮೀಟರ್ ಎಂಬ ಅಳತೆ ಬಂದದ್ದು ಒಂದು ಕಾನೂನಿನಿಂದ. 1879ರಲ್ಲಿ ಶಾರ್ಲ್ ದ ಫ್ರೆಸಿನೆ ಎಂಬ ಎಂಜಿನಿಯರ್ ಫ್ರಾನ್ಸಿನ ಲೋಕೋಪಯೋಗಿ ಮಂತ್ರಿಯಾಗಿದ್ದ. ಅಲ್ಲಿಯವರೆಗೆ ಒಂದೊಂದು ಕಾಲುವೆಗೆ ಒಂದೊಂದು ಅಳತೆ. ಒಂದು ಕಡೆ ಹೋಗುವ ದೋಣಿ ಇನ್ನೊಂದು ಕಡೆ ಹೋಗುತ್ತಿರಲಿಲ್ಲ. ಮುಖ್ಯ ಕಾಲುವೆಗಳಲ್ಲೆಲ್ಲ ಎಕ್ಲೂಸ್‌ಗಳು, ಅಂದರೆ ದೋಣಿಯನ್ನು ಏರಿಸಿ ಇಳಿಸುವ, ಎರಡು ಕದಗಳ ನಡುವಿನ ಕಲ್ಲಿನ ತೊಟ್ಟಿಗಳು, ಒಂದೇ ಅಳತೆಯಲ್ಲಿರಬೇಕು ಅಂತ ಅವನು ಕಾನೂನು ತಂದ. ತೊಟ್ಟಿ ಹೇಗೋ ದೋಣಿ ಹಾಗೆ. ಎಕ್ಲೂಸ್‌ನ ಅಗಲ 5.20 ಮೀಟರ್, ಪೆನಿಶ್‌ನ ಅಗಲ 5.05. ಅಂದರೆ ಎಡಕ್ಕೆ ನಾಲ್ಕು ಬೆರಳು, ಬಲಕ್ಕೆ ನಾಲ್ಕು ಬೆರಳು ಜಾಗ. ಅದರೊಳಗೆ 250 ಟನ್ ಸರಕು ಹೊತ್ತ ದೋಣಿಯನ್ನು, ಅಂದರೆ ಹತ್ತು ದೊಡ್ಡ ಲಾರಿಗಳ ಭಾರವನ್ನು, ಕಲ್ಲಿಗೆ ತಾಗದಂತೆ ನುಗ್ಗಿಸಬೇಕು. ಮುಂದಿರುವ ನೀರಿಗೆ ಹೋಗಲು ಬೇರೆ ದಾರಿಯಿಲ್ಲ, ದೋಣಿಯ ಅಡಿಯಿಂದಲೇ ಹಿಂದಕ್ಕೆ ಬರಬೇಕು. ಹಾಗಾಗಿ ದೋಣಿ ಸಿರಿಂಜಿನೊಳಗಿನ ದಂಡದಂತೆ ತಡೆದು ತಡೆದು ಒಳಗೆ ಹೋಗುತ್ತದೆ. ಮದಾಮ್ ಇದನ್ನು ದಿನಕ್ಕೆ ಹತ್ತು, ಹದಿನೈದು, ಕೆಲವೊಮ್ಮೆ ಇಪ್ಪತ್ತು ಸಲ ಮಾಡಿದವರು. ಚುಕ್ಕಾಣಿ ಹಿಡಿಯುತ್ತಿದ್ದುದು ಹೆಚ್ಚಾಗಿ ಅವರೇ. ಯಜಮಾನರು ಮುಂದೆ ನಿಂತು ಹಗ್ಗ ಎಸೆಯುತ್ತಿದ್ದರು. ಮಗುವಿಗೆ ಹಾಲೂಡುತ್ತಾ ಎಕ್ಲೂಸ್ ಹೊಕ್ಕಿದ್ದೇನೆ ಅಂತ ಅವರು ಹೇಳುವಾಗ ದನಿಯಲ್ಲಿ ಹೆಮ್ಮೆಯೂ ಇರಲಿಲ್ಲ, ದೂರೂ ಇರಲಿಲ್ಲ. ಬಸ್ಸು ಹತ್ತಿ ಆಫೀಸಿಗೆ ಹೋದೆ ಎಂದ ಹಾಗೆ.

ಮದಾಮ್ ಹುಟ್ಟಿದ್ದೂ ನೀರಿನ ಮೇಲೆಯೇ, 1940ರ ಮೇ ತಿಂಗಳಲ್ಲಿ. ಜರ್ಮನ್ ಸೈನ್ಯ ನುಗ್ಗುತ್ತಿದ್ದ ದಿನಗಳು. ಅದೇ ಬೇಸಿಗೆಯಲ್ಲಿ ಅವರ ಅಪ್ಪನ ಪೆನಿಶನ್ನು ಜರ್ಮನ್ನರು ವಶಪಡಿಸಿಕೊಂಡರು. ಇಂಗ್ಲೆಂಡಿನ ಮೇಲೆ ದಂಡೆತ್ತಿ ಹೋಗಲು ಅವರು ಜರ್ಮನಿ, ಹಾಲೆಂಡ್, ಬೆಲ್ಜಿಯಂ, ಫ್ರಾನ್ಸ್‌ಗಳ ಕಾಲುವೆ ದೋಣಿಗಳನ್ನು ಸುಮಾರು 2,400ರಷ್ಟು ಕೂಡಿಸಿದ್ದರು. ಟ್ಯಾಂಕು, ಲಾರಿಗಳು ನೇರ ದಡಕ್ಕೆ ಇಳಿಯಲಿ ಅಂತ ಎಷ್ಟೋ ದೋಣಿಗಳ ಮೂತಿ ಕತ್ತರಿಸಿ ಇಳಿಜಾರು ಹಲಗೆ ಕೂರಿಸಿದರು. ದಂಡಯಾತ್ರೆ ನಡೆಯಲೇ ಇಲ್ಲ. ಅಪ್ಪನ ದೋಣಿ ವಾಪಸ್ಸೂ ಬರಲಿಲ್ಲ. "ಕತ್ತರಿಸಿದರಂತೆ," ಎಂಬ ಒಂದು ಮಾತು ಮಾತ್ರ ಅವರ ಮನೆಯಲ್ಲಿ ಉಳಿಯಿತು. ಇದನ್ನು ಅವರು ನಮಗೆ ಹೇಳಿದ್ದು ದೋಣಿ ಮಾರಿದ ಮೇಲೆ, ಫೋನಿನಲ್ಲಿ, ಯಾವುದೋ ಬೇರೆ ಮಾತಿನ ನಡುವೆ. ಆವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕಾಲುವೆಯ ಬದುಕು ಹೇಗಿತ್ತು ಅಂತ ಕೇಳಿದರೆ ಮದಾಮ್ ಅಳತೆಗಳಲ್ಲಿ ಮಾತಾಡುತ್ತಾರೆ. ದೋಣಿಯ ಬಹುಪಾಲು ಸರಕಿಗೆ. ಮನೆ ಅಂದರೆ ಹಿಂಬದಿಯಲ್ಲಿ, ಎಂಜಿನ್ ಪಕ್ಕ, ಎರಡು ಪುಟ್ಟ ಕೋಣೆ. ಗೋಡೆಯೊಳಗೆ ಸೇರಿಸಿದ ಮಂಚ, ವಾರ್ನಿಷ್ ಹಚ್ಚಿದ ಮರದ ಕಪಾಟು, ಕಿಟಕಿಗೆ ಲೇಸಿನ ಪರದೆ, ಹೊರಗೆ ಜಿರೇನಿಯಂ ಹೂವಿನ ಕುಂಡ. ನಡೆಯಲು ಕಲಿತ ಮಗುವಿನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಡೆಕ್ಕಿನ ಗೂಟಕ್ಕೆ. ಹಗ್ಗದ ಉದ್ದ ಎಷ್ಟಿರಬೇಕು ಅಂದರೆ ಮಗು ಅಂಚಿಗೆ ಒಂದು ಗೇಣು ಇರುವಾಗಲೇ ನಿಲ್ಲಬೇಕು. ಆರು ವರ್ಷ ತುಂಬಿದರೆ ಮಕ್ಕಳು ಹಾಸ್ಟೆಲ್ ಶಾಲೆಗೆ. ಅಮ್ಮಂದಿರಿಗೆ ಅದು ನುಂಗಲಾರದ ತುತ್ತು. ದೋಣಿ ಆ ಊರಿನ ಮೇಲೆ ಹಾದುಹೋಗುವ ದಿನ ಭಾನುವಾರ ಬಿದ್ದರೆ ಮಕ್ಕಳ ಮುಖ ಕಾಣಬಹುದು, ಇಲ್ಲದಿದ್ದರೆ ರಜೆಯವರೆಗೆ ಕಾಯಬೇಕು.

ಅವರ ಮದುವೆ ಆದದ್ದು ಕೋಂಫ್ಲಾಂ-ಸೇಂತ್-ಓನೊರಿನ್‌ನಲ್ಲಿ. ಪ್ಯಾರಿಸ್ಸಿನ ಕೆಳಗೆ ಊವಾಜ್ ನದಿ ಸೇನ್ ನದಿಯನ್ನು ಸೇರುವ ಊರು. ಕಾಲುವೆಯವರಿಗೆ ರಾಜಧಾನಿ ಇದ್ದಂತೆ. ಅಲ್ಲಿ 1919ರಲ್ಲಿ ಕಾಂಕ್ರೀಟಿನಿಂದ ಕಟ್ಟಿದ ಒಂದು ದೊಡ್ಡ ದೋಣಿಯಿದೆ. ಮೊದಲ ಮಹಾಯುದ್ಧದ ನಂತರ ಉಕ್ಕಿನ ಬರ ಇದ್ದ ಕಾಲದ್ದು. 1936ರಿಂದ ಅದು ಕಾಲುವೆಯವರ ಚರ್ಚು. ನೀರಿನವರಿಗೆ ದೇವರೂ ತೇಲುವ ಮನೆಯಲ್ಲೇ ಇರುವುದು ನ್ಯಾಯ ಅನ್ನಿಸುತ್ತದೆ ನನಗೆ. ಆ ಊರಿನಲ್ಲಿ ಕಾಲುವೆ ಬದುಕಿನ ಒಂದು ಮ್ಯೂಸಿಯಂ ಕೂಡ ಇದೆ. ಪ್ಯಾರಿಸ್ಸಿಗೆ ಬರುವ ಕನ್ನಡಿಗರು ಐಫೆಲ್ ಟವರ್ ನೋಡಿ ಅರ್ಧ ದಿನ ಉಳಿದರೆ ಅಲ್ಲಿಗೆ ಹೋಗಿ ಬನ್ನಿ.

ಮದಾಮ್ ಅತಿ ಹೆಚ್ಚು ಹೇಳುವ ಕಥೆ ಉತ್ತರದ ಸೇಂ-ಕಾಂತೇಂ ಕಾಲುವೆಯ ರಿಕೆವಾಲ್ ಸುರಂಗದ್ದು. 5,670 ಮೀಟರ್ ಉದ್ದ, 1810ರಲ್ಲಿ ತೆರೆದದ್ದು. ಒಳಗೆ ಗಾಳಿಯಾಡುವುದಿಲ್ಲ, ಎಂಜಿನ್ ಚಾಲೂ ಇಟ್ಟರೆ ಹೊಗೆಯಲ್ಲೇ ಉಸಿರು ಕಟ್ಟುತ್ತದೆ. ಹಾಗಾಗಿ ಎಲ್ಲರೂ ಎಂಜಿನ್ ನಿಲ್ಲಿಸಿ ಸಾಲಾಗಿ ಹಗ್ಗ ಕಟ್ಟಿಕೊಳ್ಳಬೇಕು. ಕಾಲುವೆಯ ತಳದಲ್ಲಿ ಉದ್ದಕ್ಕೂ ಒಂದು ಸರಪಳಿ ಬಿದ್ದಿದೆ. ಕರೆಂಟಿನಿಂದ ಓಡುವ ಒಂದು ದೋಣಿ ಆ ಸರಪಳಿಯನ್ನು ಮುಂದಿನಿಂದ ಎತ್ತಿ, ಹಿಡಿದು, ಹಿಂದಕ್ಕೆ ಬಿಡುತ್ತಾ, ಹಿಂದಿನ ಇಡೀ ಸಾಲನ್ನು ಎಳೆದುಕೊಂಡು ಹೋಗುತ್ತದೆ. ಗಂಟೆಗಟ್ಟಲೆ ಕತ್ತಲೆ. ಎಂಜಿನ್ ಸದ್ದಿಲ್ಲ. ಹಿಂದಿನ ದೋಣಿಯಲ್ಲಿ ಯಾರೋ ಈರುಳ್ಳಿ ಹುರಿಯುವ ವಾಸನೆ, ಮುಂದಿನ ದೋಣಿಯ ರೇಡಿಯೋ ಸುರಂಗದ ಬಾಯಿ ದಾಟಿದ ಕೂಡಲೇ ಗೊರಗೊರ ಎಂದು ಸತ್ತುಹೋಗುವುದು, ಆಮೇಲೆ ಹೆಂಗಸರು ದೋಣಿಯಿಂದ ದೋಣಿಗೆ ಮಾತಾಡುವುದು. "ನಮ್ಮ ಊರು ಅಂತ ಇದ್ದರೆ ಅದು ಆ ಸುರಂಗ. ಅಲ್ಲಿ ಮಾತ್ರ ನಮಗೆ ಅಕ್ಕಪಕ್ಕದ ಮನೆ ಇರುತ್ತಿತ್ತು," ಅಂದಿದ್ದರು ಒಮ್ಮೆ.

ಸರಕು ಸಿಗುತ್ತಿದ್ದುದು ಸರದಿಯ ಮೇಲೆ. ದೋಣಿ ಖಾಲಿಯಾದ ಕೂಡಲೇ ಹತ್ತಿರದ ಕಚೇರಿಗೆ ಹೋಗಿ ಹೆಸರು ಬರೆಸುವುದು. ನಿಗದಿತ ದಿನ ಬೋರ್ಡಿನಲ್ಲಿ ಸರಕುಗಳ ಪಟ್ಟಿ: ಇಲ್ಲಿಂದ ಇಲ್ಲಿಗೆ ಇಷ್ಟು ಟನ್ ಬಾರ್ಲಿ, ಅಲ್ಲಿಂದ ಅಲ್ಲಿಗೆ ಜಲ್ಲಿ. ಯಾರು ಹೆಚ್ಚು ದಿನ ಕಾದಿದ್ದಾರೋ ಅವರಿಗೆ ಮೊದಲ ಆಯ್ಕೆ. ದರ ಎಲ್ಲರಿಗೂ ಒಂದೇ. ಕಾಯುವುದು ಕಷ್ಟ, ಆದರೆ ಒಬ್ಬರ ಬಾಯಿಯಿಂದ ಇನ್ನೊಬ್ಬರು ಕಿತ್ತುಕೊಳ್ಳುವ ಹಾಗಿರಲಿಲ್ಲ. ಯುರೋಪಿನ ಹೊಸ ನಿಯಮದಿಂದ 2000ದಲ್ಲಿ ಆ ಸರದಿ ಪದ್ಧತಿ ಮುಗಿಯಿತು. ಅದಕ್ಕಿಂತ ಮುಂಚಿನಿಂದಲೇ ಹಳೆಯ ಸಣ್ಣ ದೋಣಿಗಳನ್ನು ಒಡೆಸಿದರೆ ಹಣ ಕೊಡುವ ಯೋಜನೆಗಳು ಬಂದಿದ್ದವು. ಒಡೆಯಲು ಕೊಟ್ಟವರು ಎಷ್ಟೋ ಜನ. ಹಣ ಹಿಡಿದುಕೊಂಡು ದಡದಲ್ಲಿ ನಿಂತು ತಮ್ಮ ಮನೆಯನ್ನೇ ಗ್ಯಾಸ್ ಕಟರಿನಿಂದ ಕೊಯ್ಯುವುದನ್ನು ನೋಡಿದವರು. ಆ ನೀತಿ ತಪ್ಪಾಗಿತ್ತು ಅಂತ ನಾನು ನಂಬುತ್ತೇನೆ. ಲಾರಿಗಿಂತ ಎಷ್ಟೋ ಕಡಿಮೆ ಡೀಸೆಲ್‌ನಲ್ಲಿ ಅಷ್ಟೇ ಸರಕು ಒಯ್ಯುವ ದೋಣಿಗಳನ್ನು ಗುಜರಿಗೆ ಹಾಕಿ, ಈಗ ಮತ್ತೆ ನದಿ ಸಾರಿಗೆ ಬೇಕು ಅನ್ನುತ್ತಿದ್ದಾರೆ. ಮದಾಮ್ ಮತ್ತು ಯಜಮಾನರು ಒಡೆಸಲಿಲ್ಲ. 2001ರಲ್ಲಿ ಕೆಲಸ ನಿಲ್ಲಿಸಿ, ಬುರ್ಗೋನ್ ಕಾಲುವೆ ಸೋನ್ ನದಿಯನ್ನು ಸೇರುವ ಸೇಂ-ಜಾಂ-ದ-ಲೋನ್‌ನಲ್ಲಿ ಕಟ್ಟಿಹಾಕಿ, ಅದರಲ್ಲೇ ಇದ್ದರು. ಯಜಮಾನರು ತೀರಿಕೊಂಡ ಮೇಲೆ ಮದಾಮ್ ಮಗಳ ಮನೆಗೆ ಹೋದರು, ಎಸ್ಪೆರಾನ್ಸ್ ನಮ್ಮ ಕೈಗೆ ಬಂತು.

ಕತ್ತರಿಸುವ ಕಾರಣ ಇದು. ತುಲೂಸ್‌ಗೆ ಬರುವ ಕನಾಲ್ ದ್ಯು ಮಿದಿ ಫ್ರೆಸಿನೆಗಿಂತ ಇನ್ನೂರು ವರ್ಷ ಹಳೆಯದು. ಪಿಯೆರ್-ಪೋಲ್ ರಿಕೆ 1666ರಲ್ಲಿ ಶುರುಮಾಡಿ, ಅವನು ಸತ್ತ ಮರುವರ್ಷ, 1681ರಲ್ಲಿ ತೆರೆದದ್ದು. ಅದರ ಎಕ್ಲೂಸ್‌ಗಳು ಮೊಟ್ಟೆಯ ಆಕಾರದವು, ಉದ್ದ ಸುಮಾರು 30 ಮೀಟರ್ ಮಾತ್ರ. ಅವುಗಳನ್ನು ಉದ್ದ ಮಾಡುವ ಕೆಲಸ 1970ರ ದಶಕದಲ್ಲಿ ಶುರುವಾಗಿ ಅರ್ಧಕ್ಕೆ ನಿಂತುಹೋಯಿತು. ಹಾಗಾಗಿ ಉತ್ತರದಿಂದ ಬರುವ ಪೆನಿಶ್ ಒಂದಷ್ಟು ಬಿಟ್ಟುಕೊಟ್ಟೇ ಒಳಗೆ ಬರಬೇಕು.

ಪೆನಿಶ್‌ನ ಮಧ್ಯಭಾಗ ರೈಲು ಡಬ್ಬಿಯಂತೆ ಉದ್ದಕ್ಕೂ ಒಂದೇ ಅಳತೆ. ಅದಕ್ಕೇ ನಡುವಿನಿಂದ ಒಂದು ತುಂಡು ತೆಗೆದರೆ ಎರಡು ಕೊನೆ ಸರಿಯಾಗಿ ಕೂಡುತ್ತವೆ. ವಿಮಾನದಲ್ಲೂ ಹೀಗೇ. ಎ320ಯ ಉದ್ದ 37.57 ಮೀಟರ್, ಹೆಚ್ಚುಕಡಿಮೆ ಒಂದು ಪೆನಿಶ್‌ನಷ್ಟೇ. ಅದರ ಹೊಟ್ಟೆಯಿಂದ ಕೆಲವು ಸಾಲು ತೆಗೆದರೆ 33.84 ಮೀಟರಿನ ಎ319. ಕಾಗದದ ಮೇಲೆ ಇದನ್ನು ನಾನು ನೂರು ಸಲ ನೋಡಿದ್ದೇನೆ. ಸೇಂ-ಜಾಂ-ದ-ಲೋನ್‌ನ ಒಂದು ಯಾರ್ಡಿನಲ್ಲಿ, ನವೆಂಬರಿನ ಮಂಜಿನಲ್ಲಿ, ನೀರಿನಿಂದ ಮೇಲೆತ್ತಿದ ಎಸ್ಪೆರಾನ್ಸ್ ಮೂರು ತುಂಡಾಗಿ ನಿಂತಿದ್ದನ್ನು ನೋಡುವುದು ಬೇರೆಯೇ. ನಡುವಿನ ಒಂಬತ್ತು ಮೀಟರನ್ನು ಕ್ರೇನು ಪಕ್ಕಕ್ಕಿಟ್ಟಿತು. ಎರಡೂ ಕಡೆ ತೆರೆದ ಪೆಟ್ಟಿಗೆ. ಅದರ ಮೂಲಕ ಆಚೆ ಬದಿಯ ಪಾಪ್ಲರ್ ಮರಗಳು ಕಾಣುತ್ತಿದ್ದವು. ಆಮೇಲೆ ಹಿಂಬದಿಯನ್ನು ಹಳಿಯ ಮೇಲೆ ಬೆರಳು ಬೆರಳಿನಷ್ಟೇ ಸರಿಸುತ್ತಾ ಮುಂದಕ್ಕೆ ತಂದರು.

ಅಲ್ಲೇ ಇನ್ನೊಂದು ಪೆಟ್ಟು ಕಾದಿತ್ತು. ಕೊಳ್ಳುವ ಮೊದಲು ನಾವು ದುಡ್ಡು ಕೊಟ್ಟು ಮಾಡಿಸಿದ್ದ ತಪಾಸಣೆಯಲ್ಲಿ ತಳ ಚೆನ್ನಾಗಿದೆ ಅಂತ ಬರೆದಿದ್ದರು. ವಿಮೆಯವರಿಗೆ ತಳದ ಹಾಳೆ ಕನಿಷ್ಠ 4 ಮಿಲಿಮೀಟರ್ ದಪ್ಪ ಇರಬೇಕು. ನನಗೆ ಸಮಾಧಾನವಾಗದೆ ಅಲ್ಟ್ರಾಸೌಂಡ್ ಮೀಟರ್ ಬಾಡಿಗೆಗೆ ತಂದು, ದೋಣಿಯ ಅಡಿಯಲ್ಲಿ ಅಂಗಾತ ಮಲಗಿ, ಒಂದೊಂದು ಜಾಗವನ್ನೂ ಉಜ್ಜಿ, ಜೆಲ್ ಹಚ್ಚಿ ಅಳೆದೆ. ಸೀಮೆಸುಣ್ಣದಲ್ಲಿ ಬರೆಯುತ್ತಾ ಹೋದೆ: 5.8, 5.6, 5.7, 5.2. ಹಿಂಬದಿಯ ಮೂಲೆಗೆ ಬಂದಾಗ 3.9. ಅದರ ಪಕ್ಕ 3.1. ಅದರ ಪಕ್ಕ 2.8. ಎಪ್ಪತ್ತು ವರ್ಷ ಒಳಗಿನಿಂದ ನೀರು ನಿಂತ ಮೂಲೆ. ಅಲ್ಲಿ ಯಾರೂ ಅಳೆದೇ ಇರಲಿಲ್ಲ. ಆರು ಚದರ ಮೀಟರ್ ಹೊಸ ಉಕ್ಕು ಹಾಕಬೇಕಾಯಿತು. ಅಡುಗೆಮನೆಗೆ ಎತ್ತಿಟ್ಟಿದ್ದ ಹಣವೆಲ್ಲ ಅಲ್ಲಿಗೇ ಹೋಯಿತು, ಮುಂದಿನ ಒಂದೂವರೆ ವರ್ಷ ಕ್ಯಾಂಪಿಂಗ್ ಸ್ಟೌವಿನಲ್ಲಿ ಅನ್ನ ಮಾಡಿದೆವು.

ಸರಕಿನ ಹೊಟ್ಟೆಯ ಮರದ ಹಾಸು ಎಬ್ಬಿಸಿದಾಗ ಅಡಿಯಲ್ಲಿ ಸಿಕ್ಕಿದ್ದನ್ನು ಮರೆಯಲಾರೆ. ಮೇಲೆ ಬಾರ್ಲಿಯ ಹೊಟ್ಟು, ಒಣಗಿ ಕಪ್ಪಾದ ಜೋಳದ ಕಾಳು. ಅದರ ಕೆಳಗೆ ಮರಳು, ಜಲ್ಲಿ. ಎಲ್ಲಕ್ಕಿಂತ ಕೆಳಗೆ, ಉಕ್ಕಿಗೆ ಅಂಟಿಕೊಂಡು, ಎಣ್ಣೆಯಂತೆ ಮಿನುಗುವ ಕಲ್ಲಿದ್ದಲಿನ ಪುಡಿ. ದೋಣಿ ಏನೇನು ಹೊತ್ತಿತು ಅನ್ನುವ ಲೆಕ್ಕದ ಪುಸ್ತಕವೇ ಅದು, ಕೊನೆಯ ಪುಟದಿಂದ ಮೊದಲ ಪುಟಕ್ಕೆ. ಒಂದು ಬಾಟಲಿಯಲ್ಲಿ ಪದರ ಪದರವಾಗಿಯೇ ತುಂಬಿಸಿ ಇಟ್ಟಿದ್ದೇನೆ.

ಇನ್ನು ಭಾರದ ವಿಷಯ. ಪೆನಿಶ್ ಹೊರುವುದಕ್ಕೇ ಹುಟ್ಟಿದ್ದು. ಒಳಗೆ ಸೋಫಾ, ಮಂಚ, ಪುಸ್ತಕ ಇಟ್ಟರೆ ಅದಕ್ಕೆ ಏನೂ ಇಟ್ಟಂತೆ ಆಗುವುದಿಲ್ಲ. ಖಾಲಿಯಿದ್ದರೆ ನೀರಿನ ಮೇಲೆ ಎತ್ತರಕ್ಕೆ ತೇಲುತ್ತದೆ, ಗಾಳಿಗೆ ಹೊರಳುತ್ತದೆ, ಸೇತುವೆಗೆ ತಲೆ ಬಡಿಯುತ್ತದೆ. ನನ್ನ ಅಜ್ಜ ಮಂಗಳೂರಿನ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳ, ಅಂದರೆ ಮರದ ಸರಕು ದೋಣಿಗಳ, ಲೆಕ್ಕ ಬರೆಯುತ್ತಿದ್ದವರು. "ತುಂಬಿದ ಮಂಜಿಗೆ ಹೆದರಬೇಡ, ಖಾಲಿ ಮಂಜಿಗೆ ಹೆದರು," ಅಂತ ಅವರು ಹೇಳುತ್ತಿದ್ದುದರ ಅರ್ಥ ನನಗೆ ಮೂವತ್ತು ವರ್ಷ ತಡವಾಗಿ ಆಯಿತು. ಲೆಕ್ಕ ಹಾಕಿದೆ: ಕತ್ತರಿಸಿದ ಮೇಲೆ ಉಳಿದ ಉದ್ದ 29.5, ಅಗಲ 5.05. ಒಂದು ಸೆಂಟಿಮೀಟರ್ ಮುಳುಗಿಸಲು ಹೆಚ್ಚುಕಡಿಮೆ 1.4 ಟನ್ ಬೇಕು. ನಮಗೆ ಬೇಕಿದ್ದುದು 20 ಸೆಂಟಿಮೀಟರ್. ಅಂದರೆ 28 ಟನ್. ಒಂದೊಂದು 29 ಕಿಲೋ ತೂಗುವ ಕಾಂಕ್ರೀಟ್ ಚಪ್ಪಡಿ 960 ತರಿಸಿದೆವು. ತುಲೂಸ್‌ನಿಂದ ಕನ್ನಡದ ಏಳು ಗೆಳೆಯರು ಎರಡು ಕಾರಿನಲ್ಲಿ ಬಂದು, ಎರಡು ದಿನ ಕೈಯಿಂದ ಕೈಗೆ ದಾಟಿಸಿದರು. ಅವರಿಗೆ ಕೊಡಲು ನನ್ನ ಹತ್ತಿರ ಚಿತ್ರಾನ್ನ, ಮೊಸರನ್ನ ಬಿಟ್ಟರೆ ಏನೂ ಇರಲಿಲ್ಲ. ಆ ಋಣ ತೀರುವಂಥದ್ದಲ್ಲ.

ಸೋನ್ ನದಿ, ಲಿಯೊಂ, ರೋನ್ ನದಿ, ಸೆತ್, ತೋ ಸರೋವರ, ಅಲ್ಲಿಂದ ಕನಾಲ್ ದ್ಯು ಮಿದಿ. ರೋನ್ ನದಿಗೆ ಅನುಭವಿ ಚಾಲಕರನ್ನು ಕರೆದುಕೊಂಡೆವು. ಬೆಜಿಯೆಯ ಫೊನ್ಸೆರಾನ್ ಮೆಟ್ಟಿಲು ಎಕ್ಲೂಸ್‌ಗಳನ್ನು ಹತ್ತಿ, ಮಾಲ್ಪಾ ಸುರಂಗ ದಾಟಿದ ಮೇಲೆ ಕಾಪೆಸ್ತಾಂ ಸೇತುವೆ. ಈ ಕಾಲುವೆಯ ದೊಡ್ಡ ದೋಣಿಗಳೆಲ್ಲ ಹೆದರುವ ಕಮಾನು ಅದು, ಅಷ್ಟು ತಗ್ಗು. ಚುಕ್ಕಾಣಿ ಕೋಣೆಯ ಗೋಡೆ, ಮಾಡು ಬಿಚ್ಚಿ ಮಲಗಿಸಿದೆವು. ಇನ್ನೂ ಸಾಲದು ಅನ್ನಿಸಿ ಹಿಂದಿನ ರಾತ್ರಿ ನೀರಿನ ಟ್ಯಾಂಕ್‌ಗಳನ್ನು ಕಂಠಮಟ್ಟ ತುಂಬಿಸಿದೆವು, ನಾಲ್ಕು ಟನ್. ಮೂರು ಸೆಂಟಿಮೀಟರ್ ಇಳಿಯಿತು. ಮರುದಿನ ನನ್ನ ಗಂಡ ಚುಕ್ಕಾಣಿ ಹಿಡಿದರು, ನಾನು ದೋಣಿಯ ಮಾಡಿನ ಮೇಲೆ ಮಲಗಿ ಕಮಾನಿನ ಕಲ್ಲಿಗೂ ನಮ್ಮ ಅಂಚಿಗೂ ನಡುವೆ ಅಂಗೈ ಹಿಡಿದೆ. ಅಂಗೈ ಹಿಡಿಸಿತು, ಮುಷ್ಟಿ ಹಿಡಿಸುತ್ತಿರಲಿಲ್ಲ. ಮುಂದೆ ದಾರಿಯುದ್ದಕ್ಕೂ ಕೆಲವೆಡೆ ಪ್ಲೇನ್ ಎಂಬ ಜಾತಿಯ ಮರಗಳ ಬರೀ ಬುಡಗಳು. ಈ ದಡದಲ್ಲಿದ್ದ 42,000 ಮರಗಳ ನಡುವೆ 2006ರಿಂದ ಒಂದು ಶಿಲೀಂಧ್ರ ರೋಗ ಹರಡುತ್ತಿದೆ, ತಗುಲಿದ ಮರವನ್ನು ಕಡಿಯದೆ ಬೇರೆ ಉಪಾಯವಿಲ್ಲ. ಅಲ್ಲಿ ಬಿಸಿಲು ಸೀದಾ ತಲೆಯ ಮೇಲೆ.

ತುಲೂಸ್ ಅಂಚಿನ ರಾಮೊನ್‌ವಿಲ್‌ನಲ್ಲಿ ಕಟ್ಟಿಹಾಕಿ ಉಳಿದ ಕೆಲಸ ಮುಗಿಸಿದೆವು. ಒಳಗೆ ನಾಲ್ಕು ಕೋಣೆ, ಉದ್ದನೆಯ ಹಜಾರ, ದುಂಡು ಕಿಟಕಿಗಳು, ಕಟ್ಟಿಗೆ ಒಲೆ. ಈ ಕೆಲಸಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಈಗ ಮದಾಮ್ ಪ್ರಶ್ನೆಗೆ ಬರುತ್ತೇನೆ. 2019ರ ಸೆಪ್ಟೆಂಬರ್. ಮಗಳು ಕಾರಿನಲ್ಲಿ ಕರೆತಂದಿದ್ದಳು. ನಾನು ಬಾಯಲ್ಲಿ ಉತ್ತರ ಕೊಡದೆ ಅವರ ಕೈಹಿಡಿದು ಒಲೆಯ ಹತ್ತಿರ ಕರೆದೊಯ್ದೆ. ಒಲೆ ನಿಂತಿರುವುದು ಆ ಒಂಬತ್ತು ಮೀಟರಿನ ಪಕ್ಕೆಯಿಂದ ಕತ್ತರಿಸಿದ ಒಂದು ಹಾಳೆಯ ಮೇಲೆ, ರಿವೆಟ್‌ಗಳ ಎರಡು ಸಾಲು ಹಾಗೇ ಇವೆ. ಯಾರ್ಡಿನವರು ಉಳಿದದ್ದನ್ನು ಕಬ್ಬಿಣದ ಬೆಲೆಗೆ ತೆಗೆದುಕೊಂಡರು, ಅದನ್ನೂ ಮುಚ್ಚಿಡದೆ ಹೇಳಿದೆ. ಆಮೇಲೆ ಊಟದ ಮೇಜಿಗೆ ಕೂರಿಸಿದೆ. ಆ ಮೇಜು ಸರಕಿನ ಹೊಟ್ಟೆಯ ಹಾಸಿನ ಹಲಗೆಗಳಿಂದ ಮಾಡಿದ್ದು. ಬಡಗಿ ಉಜ್ಜಿ ನಯ ಮಾಡಲು ಹೊರಟಾಗ ನಾನು ತಡೆದಿದ್ದೆ. ಹಲಗೆಯ ಮೇಲೆ ಕ್ರೇನಿನ ಬಕೆಟ್ ಹಲ್ಲುಗಳ ಗೀರು ತುಂಬ ಇವೆ.

ಮದಾಮ್ ಸುಮ್ಮನೆ ಕೂತರು. ಬೆರಳು ಒಂದು ಗೀರಿನಲ್ಲಿ ನಿಂತಿತು, ಅರ್ಧ ಬೆರಳಿನಷ್ಟು ಆಳದ್ದು. "ಇದು ಜೆನ್‌ವಿಲಿಯೆ ಬಂದರಿನದು," ಅಂದರು. "ಮರಳು ಇಳಿಸುತ್ತಿದ್ದರು. ಕ್ರೇನಿನವನು ಹೊಸಬ. ನನ್ನವರು ಕೆಳಗಿಳಿದು ಹೋಗಿ ಅವನ ಜೊತೆ ಜಗಳ ಮಾಡಿದ್ದರು. ಸಂಜೆ ಅವನೇ ಒಂದು ಬಾಟಲಿ ವೈನ್ ತಂದುಕೊಟ್ಟ." ಮಗಳ ಕಡೆ ತಿರುಗಿ, "ನೀನಾಗ ಹಾಸ್ಟೆಲಿನಲ್ಲಿದ್ದೆ," ಅಂದರು. ಮಗಳೂ ಬಂದು ಅದೇ ಗೀರಿನ ಮೇಲೆ ಕೈಯಿಟ್ಟಳು.

ಹೊರಡುವಾಗ ದಡದ ಮೇಲೆ ನಿಂತು ಅವರು ಪಕ್ಕೆಯ ಮೇಲಿನ ಅಳತೆಪಟ್ಟಿಯನ್ನು ತುಂಬ ಹೊತ್ತು ನೋಡಿದರು. ಹಿಂದೆ ಸರಕನ್ನು ತೂಗುತ್ತಿದ್ದುದೇ ಹಾಗೆ, ದೋಣಿ ಎಷ್ಟು ಮುಳುಗಿದೆ ಅಂತ ಓದಿ. ಮುಂದಕ್ಕೆ ನಡೆದರು, ಹಿಂದಕ್ಕೆ ಬಂದರು.

"ಎಡಕ್ಕೆ ಎರಡು ಸೆಂಟಿಮೀಟರ್ ವಾಲಿದೆ. ಪುಸ್ತಕದ ಕಪಾಟು ಆ ಕಡೆ ಇಟ್ಟಿದ್ದೀಯಲ್ಲ, ಅದಕ್ಕೆ. ಹಿಂಬದಿಯ ಚಪ್ಪಡಿ ಒಂದಿಪ್ಪತ್ತು ಬಲಕ್ಕೆ ಹಾಕು."

ಆವತ್ತೇ ರಾತ್ರಿ ಹಾಸಿನ ಹಲಗೆ ತೆಗೆದು ನಾವಿಬ್ಬರೂ ಇಪ್ಪತ್ತು ಚಪ್ಪಡಿ ದಾಟಿಸಿದೆವು. ಬೆಳಗ್ಗೆ ಎದ್ದು ದಡಕ್ಕೆ ಹೋಗಿ ಎರಡೂ ಪಕ್ಕೆ ಓದಿ, ಫೋಟೋ ತೆಗೆದು ಮದಾಮ್‌ಗೆ ಕಳಿಸಿದೆ. ಮಧ್ಯಾಹ್ನ ಉತ್ತರ ಬಂತು: "ಇನ್ನೂ ಆರು."